ಚೋಮನಿಗೆ ಹೊಲ ಯಾಕಿಲ್ಲ?

ಕಾರಂತರ ‘ಚೋಮನ ದುಡಿ’ (1933) ಓದಿ ಕಣ್ಣೀರು ಹಾಕಿದವರು ಬಹಳ. ಲೆಕ್ಕ ಕೇಳಿದವರು ಕಡಿಮೆ. ಚೋಮನಿಗೆ ಎತ್ತುಂಟು, ತೋಳುಂಟು. ಗೇಣಿಗೆ ತುಂಡು ಹೊಲ ಇಲ್ಲ. ಹೊಲೆಯ ಬೇಸಾಯಕ್ಕಿಳಿದರೆ ಸಂಪ್ರದಾಯ ಕೆಡುತ್ತೆ ಅಂತ ಧಣಿಯ ತಾಯಿ. ಮತ ಬಿಟ್ಟು ಬಂದರೆ ಭೂಮಿ ಅಂತ ಪಾದ್ರಿ. ಒಬ್ಬರು ಧರ್ಮ ತೋರಿಸಿ ಹೊಲ ತಡೆದರು, ಇನ್ನೊಬ್ಬರು ಹೊಲ ತೋರಿಸಿ ಧರ್ಮ ಕೇಳಿದರು. ಬೆವರಿನ ಹಕ್ಕು ಅಂತ ಒಪ್ಪಿದವರು ಯಾರೂ ಇಲ್ಲ.

ಪಾದ್ರಿಯ ಕಡೆ ಹೊರಟ ಚೋಮನನ್ನು ಹಿಂದಕ್ಕೆ ತಿರುಗಿಸೋದು ಅವನದೇ ದೈವ ಪಂಜುರ್ಲಿ. ಇಲ್ಲೇ ನಮ್ಮ ತಕರಾರು. ಧಣಿಯ ಮನೆಯ ಅನ್ಯಾಯವನ್ನು ಕಾದಂಬರಿ ಚೋಮನ ಭಕ್ತಿಯ ಹೆಗಲಿಗೆ ದಾಟಿಸುತ್ತದೆ. ಓದುಗನಿಗೆ ದುರಂತ ಸಿಗುತ್ತೆ, ಧಣಿ ಪಾರಾಗ್ತಾನೆ.

1974ರ ಭೂಸುಧಾರಣೆ ಗೇಣಿದಾರನಿಗೆ ಹೊಲ ಕೊಟ್ಟಿತು. ಚೋಮನಂಥವರು ಗೇಣಿದಾರರಲ್ಲ, ಮೂಲದ ಆಳುಗಳು. ಗೇಣಿಗೇ ಬಿಟ್ಟುಕೊಳ್ಳದವರು ಡಿಕ್ಲರೇಷನ್ನಿನಲ್ಲಿ ಏನಂತ ಬರೀಬೇಕಿತ್ತು? ಮತ ಬದಲಿಸಿ ಕ್ರೈಸ್ತನಾದರೆ 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಹಕ್ಕೂ ತಪ್ಪುತ್ತದೆ.

ಇವತ್ತು ಮತಾಂತರ ಅಂತ ಕೂಗಾಡೋರನ್ನು ಗೆಳೆಯರೇ, ಇಷ್ಟೇ ಕೇಳಿ: ಚೋಮ ನಿಮ್ಮವನಾಗಿದ್ದಾಗ ನೀವು ಕೊಟ್ಟ ಹೊಲ ಎಲ್ಲಿದೆ?