ಕ್ಯಾಮೆರಾ ಕಾಯುವುದಿಲ್ಲ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಓವಿ7670 ಕ್ಯಾಮೆರಾ ಕೇಳಿದರೆ ಅಂಗಡಿಯವರದು ಮರುಪ್ರಶ್ನೆ: ‘ಫೈಫೋ ಇರೋದಾ ಸಾರ್, ಪ್ಲೇನಾ?’ ಪ್ಲೇನ್ ಅಗ್ಗ. ಫೈನಲ್ ಇಯರ್ ಪ್ರಾಜೆಕ್ಟಿಗೆ ಬಂದ ಹುಡುಗರು ಅಗ್ಗದ್ದನ್ನು ಒಯ್ದು, ಆರ್ಡುಯಿನೋ ಉನೋಗೆ ತಗುಲಿಸಿ, ತೆರೆಯ ಮೇಲೆ ಬರೀ ಹಿಮ ಸುರಿಯುವುದನ್ನು ನೋಡಿ ಕ್ಯಾಮೆರಾನೇ ಕೆಟ್ಟದ್ದೆಂದು ಬೈಯುತ್ತಾರೆ. ಬಹುಪಾಲು ಸಲ ಅದರಲ್ಲಿ ಏನೂ ಕೆಟ್ಟಿರುವುದಿಲ್ಲ. ನಾನಂತೂ ಈ ಹವ್ಯಾಸಕ್ಕೆ ಇಳಿಯುವವರಿಗೆ ಪ್ಲೇನೇ ತಗೊಳ್ಳಿ ಎನ್ನುವವನು.

ಉನೋದಲ್ಲಿ ಕೂತಿರುವ ಎಟಿಮೆಗಾ328ಪಿ ಚಿಪ್ಪಿನ ರ‍್ಯಾಮ್ 2,048 ಬೈಟ್, ಅಷ್ಟೇ. ಈ ಕ್ಯಾಮೆರಾದ ಪೂರ್ತಿ ಚಿತ್ರ 640 ಅಡ್ಡ, 480 ಉದ್ದ. ಬಣ್ಣದ ಒಂದೊಂದು ಚುಕ್ಕಿಗೂ ಎರಡು ಬೈಟ್ ಹಿಡಿದರೆ 6,14,400 ಬೈಟ್, ಅಂದರೆ ಚಿಪ್ಪಿನ ಮೆಮೊರಿಯ ಸರಿಯಾಗಿ 300 ಪಟ್ಟು. ಒಂದು ಸಾಲೇ 1,280 ಬೈಟ್ ನುಂಗುತ್ತದೆ. ಎರಡನೆಯ ಸಾಲಿಗೆ ಜಾಗವಿಲ್ಲ. ಕಾಲು ಇಂಚಿನಷ್ಟೂ ಇಲ್ಲದ ಸೆನ್ಸರ್ ಹೀಗೆ ಕಕ್ಕುತ್ತಿದ್ದರೆ ಬಡಪಾಯಿ ಉನೋ ಏನು ಮಾಡೀತು?

ಮೆಮೊರಿಗಿಂತ ದೊಡ್ಡ ತಕರಾರು ವೇಳೆಯದು. ಕ್ಯಾಮೆರಾ ಎಂಟು ತಂತಿಗಳ ಮೇಲೆ ಒಂದು ಬೈಟ್ ಇಟ್ಟು, ಪಿಕ್ಸೆಲ್ ಕ್ಲಾಕನ್ನು ಒಮ್ಮೆ ಕುಟ್ಟಿ, ಮುಂದಿನದಕ್ಕೆ ಹೋಗಿಬಿಡುತ್ತದೆ. ತಗೊಂಡೆಯಾ ಎಂದು ಕೇಳುವ ಪದ್ಧತಿಯೇ ಅದಕ್ಕಿಲ್ಲ. ಉನೋದ ಟೈಮರಿನಿಂದ, 11ನೇ ಪಿನ್ನಿನ ಮೂಲಕ, ಕ್ಯಾಮೆರಾಕ್ಕೆ 8 ಮೆಗಾಹರ್ಟ್ಸ್ ಕ್ಲಾಕ್ ಕೊಡುವುದು ರೂಢಿ. (10ಕ್ಕಿಂತ ಕಡಿಮೆ ಬೇಡ ಎನ್ನುತ್ತದೆ ಡೇಟಾಶೀಟ್, ಕ್ಯಾಮೆರಾ ಪುಣ್ಯಕ್ಕೆ ಅದನ್ನು ಓದಿಲ್ಲ.) ಆ ವೇಗದಲ್ಲಿ ಬೈಟಿಗೆ ಸಿಗುವುದು 125 ನ್ಯಾನೋಸೆಕೆಂಡ್, ಅಂದರೆ 16 ಮೆಗಾಹರ್ಟ್ಸ್ ಓಟದ ಉನೋಗೆ ಎರಡೇ ಎರಡು ಸೈಕಲ್. ಪಿನ್ ಓದಿ ಮೆಮೊರಿಗೆ ಬರೆಯುವುದಕ್ಕೇ ಮೂರು ಬೇಕು. ಸಾಲದ್ದಕ್ಕೆ ಎಂಟು ತಂತಿಗಳನ್ನೂ ಒಂದೇ ಪೋರ್ಟಿನಲ್ಲಿ ಕೂರಿಸಲಾಗದು. ಸೀರಿಯಲ್ಲಿಗೆ ಎರಡು ಪಿನ್ ಹೋಗಿವೆ. ನಾಲ್ಕು ಇಲ್ಲಿ, ನಾಲ್ಕು ಅಲ್ಲಿ ಹಂಚಿ, ಎರಡು ಸಲ ಓದಿ ಜೋಡಿಸಬೇಕು.

ಹಾಗಾಗಿ ಕ್ಯಾಮೆರಾದ ಒಳಗಿನ ರಿಜಿಸ್ಟರಿಗೆ ಹೇಳಿ ಅದರ ನಡಿಗೆಯನ್ನೇ ನಿಧಾನ ಮಾಡಿಸುತ್ತೇವೆ. ಚಿತ್ರವನ್ನು 320 ಅಡ್ಡ 240ಕ್ಕೆ ಇಳಿಸಿ, ಬಣ್ಣ ಬಿಟ್ಟು ಬೆಳಕಿನ ಬೈಟ್ ಮಾತ್ರ ಇಟ್ಟುಕೊಂಡರೆ 76,800 ಬೈಟ್. ಅದನ್ನು ಸಾಲುಸಾಲಾಗಿ ಕಂಪ್ಯೂಟರಿಗೆ ಸಾಗಹಾಕಿದರೆ, 1,15,200 ಬಾಡ್ ವೇಗದಲ್ಲಿ ಸುಮಾರು ಏಳು ಸೆಕೆಂಡ್. ಸೀರಿಯಲ್ಲನ್ನು 10 ಲಕ್ಷಕ್ಕೆ ಏರಿಸಿದರೆ ಮುಕ್ಕಾಲು ಸೆಕೆಂಡ್. ಸೆನ್ಸರ್ ಮೇಲಿನಿಂದ ಕೆಳಕ್ಕೆ ಸಾಲು ಓದುತ್ತಾ ಬರುವುದರಿಂದ, ಅಷ್ಟರೊಳಗೆ ಬೆಕ್ಕು ಎದ್ದು ಹೋದರೆ ಚಿತ್ರದಲ್ಲಿ ಕಿವಿ ಮಾತ್ರ ಉಳಿಯುತ್ತದೆ. ನನಗೆ ಈ ನಿಧಾನವೇ ಇಷ್ಟ. ಫೋಟೋ ಎಂಬುದು ಒಂದು ಕ್ಷಣದ್ದಲ್ಲ, ಒಂದಾದ ಮೇಲೊಂದು ಬರುವ ಬೈಟುಗಳದ್ದು ಎಂಬುದನ್ನು ಫೋನಿನ ಕ್ಯಾಮೆರಾ ನೂರು ವರ್ಷವಾದರೂ ತೋರಿಸಿಕೊಡುವುದಿಲ್ಲ.

ವೈರಿಂಗಿನಲ್ಲಿ ಎಡವುವ ಜಾಗ ಒಂದಿದೆ. ಕ್ಯಾಮೆರಾ 3.3 ವೋಲ್ಟಿನದು, ಉನೋ 5 ವೋಲ್ಟಿನದು. ಕ್ಲಾಕ್ ತಂತಿಗೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿ. ಮಾತುಕತೆಯ ಎರಡು ತಂತಿಗಳನ್ನು 4.7 ಕೆ ರೆಸಿಸ್ಟರಿನಿಂದ 3.3ಕ್ಕೆ ಎಳೆದು ಕಟ್ಟಿ. ಆಮೇಲೆ ಚಿತ್ರದ ಗೊಡವೆಗೆ ಹೋಗದೆ, 0ಎ ರಿಜಿಸ್ಟರಿನಲ್ಲಿ ಏನಿದೆ ಎಂದು ಕೇಳಿ ನೋಡಿ. ಹೆಕ್ಸ್ ಲೆಕ್ಕದ 76 ಎಂಬ ಉತ್ತರ ಬಂದರೆ ಕ್ಯಾಮೆರಾ ಜೀವಂತವಿದೆ. ಬಾರದಿದ್ದರೆ ಮೊದಲು ಕ್ಲಾಕ್ ಪರೀಕ್ಷಿಸಿ. ಕ್ಲಾಕ್ ಇಲ್ಲದೆ ಇದು ಬಾಯಿಯೇ ಬಿಡುವುದಿಲ್ಲ.

ಮುಂದಿನ ಹೆಜ್ಜೆ ಬಣ್ಣದ ಪಟ್ಟಿ. ಸೆನ್ಸರಿನ ಒಳಗೇ ಒಂದು ಪರೀಕ್ಷಾ ಚಿತ್ರವಿದೆ, ರಿಜಿಸ್ಟರಿನ ಒಂದು ಬಿಟ್ ಎತ್ತಿದರೆ ಸಾಕು. ಪಟ್ಟಿಗಳು ನೆಟ್ಟಗೆ ನಿಂತು ಬಣ್ಣ ಅದಲುಬದಲಾಗಿದ್ದರೆ ಎರಡು ಬೈಟುಗಳ ಕ್ರಮ ತಿರುವುಮುರುವಾಗಿದೆ. ಪಟ್ಟಿಗಳ ಅಂಚು ಹಲ್ಲುಹಲ್ಲಾಗಿದ್ದರೆ ಮೊದಲ ಅನುಮಾನ ಜಂಪರ್ ವೈರಿನ ಮೇಲೆ: ಉದ್ದದವನ್ನು ಕಿತ್ತು ಗೇಣಿಗಿಂತ ಚಿಕ್ಕವನ್ನು ಹಾಕಿ. ಇಷ್ಟಾದ ಮೇಲೂ ನಿಜವಾದ ಚಿತ್ರದ ಬಣ್ಣ ಪಾಚಿಗಟ್ಟಿದಂತೆ ಬರಬಹುದು. ಅದಕ್ಕೆ ಮದ್ದು ಬಿ0 ರಿಜಿಸ್ಟರಿಗೆ 84 ಬರೆಯುವುದು. ಯಾಕೆ ಎಂದು ಕೇಳಬೇಡಿ. ಡೇಟಾಶೀಟಿನಲ್ಲಿ ಆ ರಿಜಿಸ್ಟರ್ ‘ಕಾದಿರಿಸಿದ್ದು’, ಅಷ್ಟೇ. ಈ ಗುಟ್ಟು ಹೊರಬಿದ್ದದ್ದು ಲಿನಕ್ಸಿನ ಡ್ರೈವರಿನಿಂದ. ಮಕ್ಕಳಿಗೊಂದು ಲ್ಯಾಪ್‌ಟಾಪ್ ಎಂಬ ಒಎಲ್‌ಪಿಸಿ ಯೋಜನೆಯ ಯಂತ್ರದಲ್ಲಿ ಇದೇ ಸೆನ್ಸರ್ ಇತ್ತು. ಅದಕ್ಕಾಗಿ 2006ರಲ್ಲಿ ಜೊನಾಥನ್ ಕಾರ್ಬೆಟ್ ಡ್ರೈವರ್ ಬರೆದರು. ಓಮ್ನಿವಿಷನ್ ಕಂಪನಿ ಕೊಟ್ಟ ಅಂಕೆಗಳ ದೊಡ್ಡ ಪಟ್ಟಿ ಅದರಲ್ಲಿದೆ, ಬಹುಪಾಲಿಗೆ ತಲೆಬುಡ ತಿಳಿಯುವುದಿಲ್ಲವೆಂಬ ಪ್ರಾಮಾಣಿಕ ಟಿಪ್ಪಣಿಯೊಂದಿಗೆ. ಇಂದಿಗೂ ಹವ್ಯಾಸಿಗಳು ಈ ಪಟ್ಟಿಯನ್ನು ನಕಲು ಮಾಡಿಕೊಳ್ಳುತ್ತಾರೆ.

ಫೈಫೋ ಇರುವುದರ ಬೆನ್ನಿಗೆ 3,93,216 ಬೈಟಿನ ಒಂದು ಮೆಮೊರಿ ಚಿಪ್ ಇರುತ್ತದೆ; ಕ್ಯಾಮೆರಾ ತನ್ನ ವೇಗದಲ್ಲಿ ತುಂಬುತ್ತದೆ, ಉನೋ ತನ್ನ ವೇಗದಲ್ಲಿ ತೋಡಿಕೊಳ್ಳುತ್ತದೆ. ಅನುಕೂಲವೇನೋ ಹೌದು. ಆದರೆ ಅನುಕೂಲವೇ ಬೇಕಿದ್ದರೆ ಇಎಸ್‌ಪಿ32-ಕ್ಯಾಮ್ ಕೊಳ್ಳಿ. ಅದರ ಓವಿ2640 ಸೆನ್ಸರ್ ಚಿತ್ರವನ್ನು ತಾನೇ ಜೆಪೆಗ್ ಮಾಡಿ ಕೊಡುತ್ತದೆ, ಬೋರ್ಡಿನಲ್ಲಿ 4 ಎಂಬಿ ಹೆಚ್ಚುವರಿ ಮೆಮೊರಿ ಇದೆ, ವೈಫೈ ಇದೆ. ತೋಟದ ಗೇಟಿಗೋ ನೀರಿನ ಮೀಟರಿಗೋ ಕಣ್ಣಿಡಲು ಇದನ್ನು ಬಿಟ್ಟರೆ ಬೇರೆ ಯೋಚನೆ ಬೇಡ. ಇದಕ್ಕೂ ತನ್ನದೇ ಚೇಷ್ಟೆಗಳಿವೆ. ಕಾರ್ಡಿಗೆ ಚಿತ್ರ ಬರೆಯುವಾಗ ಬಿಳಿ ಎಲ್‌ಇಡಿ ತಾನಾಗಿ ಮಿಣುಕುತ್ತದೆ, ಎರಡಕ್ಕೂ 4ನೇ ಪಿನ್ ಒಂದೇ ಆದ್ದರಿಂದ. ಕಾರ್ಡನ್ನು ಒಂದು ಬಿಟ್ ಮೋಡಿನಲ್ಲಿ ತೆರೆದರೆ ನಿಲ್ಲುತ್ತದೆ. ವೈಫೈ ಶುರುವಾದೊಡನೆ ಬೋರ್ಡು ಮತ್ತೆಮತ್ತೆ ರಿಸೆಟ್ ಆಗುತ್ತಿದ್ದರೆ ಕೋಡ್ ತಿದ್ದುತ್ತಾ ಕೂರಬೇಡಿ, ಗಟ್ಟಿ 5 ವೋಲ್ಟ್ ಅಡಾಪ್ಟರ್ ತನ್ನಿ.

ಪ್ಲೇನ್ ಓವಿ7670ನೊಂದಿಗೆ ಉನೋದಲ್ಲಿ ಹೆಣಗಿ ಮುಗಿಸಿದವರಿಗೆ ರಾಸ್‌ಬೆರಿ ಪೈ ಪಿಕೋ ಒಳ್ಳೆಯ ಮುಂದಿನ ಮನೆ. ರ‍್ಯಾಮ್ 264 ಕೆಬಿ. 320 ಅಡ್ಡ 240ರ ಬಣ್ಣದ ಚಿತ್ರ 1,53,600 ಬೈಟ್, ನಿರಾಳವಾಗಿ ಹಿಡಿಸುತ್ತದೆ. ಪಿನ್ನುಗಳನ್ನು ಕಾಯಲೆಂದೇ ಅದರಲ್ಲಿ ಪಿಐಓ ಎಂಬ ಪುಟ್ಟ ಯಂತ್ರಗಳಿವೆ, ಪಿಕ್ಸೆಲ್ ಕ್ಲಾಕನ್ನು ಹಿಡಿಯುವ ಕೆಲಸ ಅವಕ್ಕೆ ಒಪ್ಪಿಸಬಹುದು. ಪಿಕೋ ಕೂಡ 3.3 ವೋಲ್ಟಿನದೇ ಆದ್ದರಿಂದ ಕ್ಲಾಕ್ ತಂತಿಯ ರೆಸಿಸ್ಟರುಗಳನ್ನು ತೆಗೆದು ಡಬ್ಬಕ್ಕೆ ಹಾಕಿ.