ಉಗುರಗಲದಲ್ಲಿ ಕನ್ನಡ

ಚೋಳರಿಂದ ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಕಥೆ ಹಾಸನ ಸೀಮೆಯ ಮಕ್ಕಳಿಗೂ ಗೊತ್ತು. ಆ ಗೆಲುವನ್ನು ಸಾರಲು ಅವನು ಹೊರಡಿಸಿದ ಚಿನ್ನದ ನಾಣ್ಯದ ಕಡೆಗೆ ಅಷ್ಟು ಮಂದಿ ಕಣ್ಣು ಹಾಯಿಸಿಲ್ಲ. ಒಂದು ಬದಿಗೆ ಸಿಂಹ. ಇನ್ನೊಂದು ಬದಿಗೆ ಮೂರು ಸಾಲಿನಲ್ಲಿ ‘ಶ್ರೀ ತಲಕಾಡುಗೊಂಡ’ ಎಂಬ ಕನ್ನಡ ಬರಹ. ನೊಳಂಬವಾಡಿಯ ಗೆಲುವಿಗೆ ಇಂಥದೇ ಮತ್ತೊಂದು ನಾಣ್ಯ. ಉಗುರಗಲದ ಲೋಹದ ಮೇಲೆ ಅಷ್ಟುದ್ದದ ಬಿರುದನ್ನು ಕೂರಿಸಬೇಕಾದ ಟಂಕಸಾಲೆಯ ಕುಶಲಿ ಮಾಡಿದ್ದು ಒಂದೇ ಉಪಾಯ: ಚಿತ್ರಕ್ಕೆ ಒಂದು ಮುಖ ಕೊಟ್ಟ, ಅಕ್ಷರಕ್ಕೆ ಇಡೀ ಇನ್ನೊಂದು ಮುಖ ಬಿಟ್ಟ.

ಫೋನಿನ ಡಿಪಿಗೆ, ಸ್ಟಿಕರಿಗೆ, ಆ್ಯಪಿನ ಐಕಾನಿಗೆ ಹಿಂಬದಿ ಎಂಬುದಿಲ್ಲ. ಚಿತ್ರ, ಬಣ್ಣ, ಹಿನ್ನೆಲೆಯ ಟೆಕ್ಸ್ಚರ್, ಬರಹ ಎಲ್ಲವೂ ಒಂದೇ ಮುಖದಲ್ಲಿ ಹೊಂದಿಕೊಳ್ಳಬೇಕು. ಕನ್ನಡದಲ್ಲಿ ಐಕಾನ್ ಮಾಡುವವರ ಕಷ್ಟವೆಲ್ಲ ಇಲ್ಲಿಂದಲೇ ಶುರು.

1984ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಸೂಸನ್ ಕೇರ್ ಐಕಾನ್ ಬರೆದದ್ದು ಚೌಕುಳಿ ಹಾಳೆಯ ಮೇಲೆ, 32ಕ್ಕೆ 32 ಮನೆಗಳಲ್ಲಿ, ಕಪ್ಪು ಬಿಳುಪಿನಲ್ಲಿ ಮಾತ್ರ. 1999ರಲ್ಲಿ ಜಪಾನಿನ ಶಿಗೆತಾಕಾ ಕುರಿತಾ ತಮ್ಮ 176 ಎಮೋಜಿಗಳನ್ನು 12ಕ್ಕೆ 12ರಲ್ಲಿ, ಅಂದರೆ ಒಂದೊಂದಕ್ಕೆ 144 ಚುಕ್ಕಿಗಳಲ್ಲೇ ಮುಗಿಸಿದರು. ಇವತ್ತಿನ ವಾಟ್ಸ್‌ಆ್ಯಪ್ ಸ್ಟಿಕರ್ 512ಕ್ಕೆ 512. ಕೈಗೆ ಸಿಗುವ ಚುಕ್ಕಿಗಳು ಎರಡೂವರೆ ಲಕ್ಷಕ್ಕೂ ಹೆಚ್ಚು. ಆದರೂ ಅದೇ ಸ್ಟಿಕರ್ ಕಟ್ಟಿನ ತಲೆಗೆ ಕೂರುವ ಚಿತ್ರ 96ಕ್ಕೆ 96. ದೊಡ್ಡ ಪರದೆಯ ಮೇಲೆ ಚೆಂದ ಕಂಡದ್ದು ಅಲ್ಲಿ ಕರಗಿಹೋಗುವುದನ್ನು ಸ್ಟಿಕರ್ ಮಾಡುವವರೆಲ್ಲ ಬಲ್ಲರು.

ರೋಮನ್ ದೊಡ್ಡಕ್ಷರಗಳು ಒಂದೇ ಅಂತಸ್ತಿನವು. ಕನ್ನಡ ಅಕ್ಷರಕ್ಕೆ ಮೂರು ಅಂತಸ್ತು ಬೇಕು: ಮೇಲೆ ತಲೆಕಟ್ಟು ಅಥವಾ ಗುಡಿಸು, ನಡುವೆ ಮೈ, ಕೆಳಗೆ ಒತ್ತು. ಇದರ ಲೆಕ್ಕ ಹಾಸನ ಜಿಲ್ಲೆಯ ಊರ ಹೆಸರುಗಳಲ್ಲೇ ಸಿಗುತ್ತದೆ. ‘ಹಾಸನ’ ಮೂರಕ್ಷರ, ಒತ್ತಿಲ್ಲ. ಐಕಾನಿಗೆಂದೇ ಹುಟ್ಟಿದ ಹೆಸರು. ‘ಸಾಲಗಾಮೆ’ ನಾಲ್ಕಕ್ಷರ, ಅದಕ್ಕೂ ಒತ್ತಿಲ್ಲ. ‘ಸಾಲ’ ಮೇಲೆ, ‘ಗಾಮೆ’ ಕೆಳಗೆ ಇಟ್ಟರೆ ಚೌಕಕ್ಕೆ ಸರಿಯಾಗಿ ಕೂರುತ್ತದೆ. ‘ಅರಕಲಗೂಡು’ ಆರಕ್ಷರವಾದರೂ ಎರಡು ಸಾಲಿಗೆ ಸುಲಭವಾಗಿ ಒಡೆಯುತ್ತದೆ. ‘ಹೊಳೆನರಸೀಪುರ’ಕ್ಕೆ ಏಳಕ್ಷರ, ಹೊಳೆ, ನರಸೀ, ಪುರ ಎಂದು ಮೂರು ಸಾಲು ಮಾಡಿದರೆ ವಿಷ್ಣುವರ್ಧನನ ನಾಣ್ಯದ ಕ್ರಮವೇ ಆಯಿತು. ಪೇಚಿಗಿಡುವುದು ‘ಚನ್ನರಾಯಪಟ್ಟಣ’. ಅದಕ್ಕೂ ಏಳೇ ಅಕ್ಷರ, ಆದರೆ ಒತ್ತು ಎರಡು. ಎರಡು ಸಾಲಿಗೆ ಒಡೆದರೆ ಮೇಲಿನ ‘ನ್ನ’ದ ಒತ್ತು ಕೆಳಗಿನ ಸಾಲಿನ ನೆತ್ತಿಗೆ ತಾಗುತ್ತದೆ. ಸಾಲುಗಳ ನಡುವೆ ಜಾಗ ಬಿಟ್ಟರೆ ಅಕ್ಷರ ಸಣ್ಣದಾಗುತ್ತದೆ. ಇಲ್ಲಿ ಫಾಂಟು ಕೊಟ್ಟದ್ದನ್ನೇ ಒಪ್ಪಿಕೊಳ್ಳಬಾರದು. ಅಕ್ಷರವನ್ನು ಗೆರೆಚಿತ್ರವಾಗಿ ಪರಿವರ್ತಿಸಿ, ಒತ್ತನ್ನು ಹಿಡಿದು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಸಿ, ಅದರ ಗೆರೆಯನ್ನು ತುಸು ದಪ್ಪಗೊಳಿಸಬೇಕು. ಕೈಯಾರೆ ಮಾಡುವ ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಆದರೆ ಬೇರೆ ದಾರಿಯಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಅಕ್ಷರದ ಹೊಟ್ಟೆ. ಬ–ಭ, ದ–ಧ, ಡ–ಢಗಳನ್ನು ಬೇರ್ಪಡಿಸುವುದು ಕೆಳಗಿನ ಪುಟ್ಟ ಸೀಳು. ‘ರ’ ಮತ್ತು ‘ಠ’ಕ್ಕೆ ನಡುವಿನ ಒಂದು ಚುಕ್ಕಿಯ ವ್ಯತ್ಯಾಸ. ಶಾಲೆಯಲ್ಲಿ ‘ಹೊಟ್ಟೆ ಸೀಳಿದ ಷ’ ಎಂದು ಕಲಿಸುತ್ತಾರಲ್ಲ, ಆ ಹೊಟ್ಟೆಯ ಗೆರೆ ಮಸುಕಾದರೆ ಅದು ‘ಪ’ ಆಗುತ್ತದೆ. ಹರ್ಷ ಎಂಬವರ ಡಿಪಿಯಲ್ಲಿ ಹೆಸರೇ ಕೆಡುತ್ತದೆ. ಹೆಚ್ಚು ದಪ್ಪದ ಫಾಂಟು ದೂರಕ್ಕೆ ಎದ್ದು ಕಂಡರೂ ಈ ಸೀಳುಗಳನ್ನು ನುಂಗಿಹಾಕುತ್ತದೆ. ಮಧ್ಯಮ ದಪ್ಪವೇ ವಾಸಿ. ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಫಾಂಟಿನಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಏರಿಳಿಸಬಹುದು. ಚನ್ನರಾಯಪಟ್ಟಣದಂಥ ಉದ್ದದ ಹೆಸರಿಗೆ ಅದು ದೊಡ್ಡ ಅನುಕೂಲ, ಉಚಿತವಾಗಿಯೂ ಸಿಗುತ್ತದೆ.

ಒತ್ತು ಒಡೆದು ಪಕ್ಕಕ್ಕೆ ಬಿದ್ದರೆ ಅದು ಫಾಂಟಿನ ತಪ್ಪೇ ಆಗಿರಬೇಕೆಂದಿಲ್ಲ. ಹಳೆಯ ಫೋಟೋಶಾಪ್ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇಕಾದ ಪಠ್ಯ ಸೆಟ್ಟಿಂಗನ್ನು ಬೇರೆಯಾಗಿ ಆರಿಸಬೇಕಿತ್ತು. ಗಿಂಪ್, ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿಯೇ ಜೋಡಿಸುತ್ತವೆ.

ಬಣ್ಣದ ವಿಚಾರದಲ್ಲಿ ಅಭಿಮಾನಕ್ಕಿಂತ ಅಳತೆಯನ್ನು ನಂಬುವುದು ಒಳ್ಳೆಯದು. ಮ. ರಾಮಮೂರ್ತಿಯವರು ಕೊಟ್ಟ ಹಳದಿ–ಕೆಂಪು ಕನ್ನಡ ಬಾವುಟ ನಮ್ಮ ಎಷ್ಟೋ ಸ್ಟಿಕರುಗಳ ಬಣ್ಣದ ಮೂಲ. ವೆಬ್ ಬರಹದ ಓದಿಗೆಂದು ರೂಪಿಸಿದ ಡಬ್ಲ್ಯುಸಿಎಜಿ ಮಾನದಂಡದಂತೆ ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅಂತರ 4.5ಕ್ಕೆ 1 ಇರಬೇಕು. ಪರದೆಯ ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿ ಇಟ್ಟರೆ ಸಿಗುವುದು 3.7 ಮಾತ್ರ. ಕೆಂಪಿನ ಮೌಲ್ಯವನ್ನು 255ರಿಂದ 200ಕ್ಕೆ ಇಳಿಸಿ ಕುಂಕುಮದ ಕಡೆಗೆ ತಂದರೆ ಅದೇ ಅಂತರ 5.6 ದಾಟುತ್ತದೆ. ಬಾವುಟದ ಭಾವ ಹಾಗೇ ಉಳಿಯುತ್ತದೆ, ಅಕ್ಷರವೂ ಓದಲು ಬರುತ್ತದೆ. ಹಸಿರಿನ ಮೇಲೆ ಕೆಂಪಕ್ಷರ ಮಾತ್ರ ಬೇಡವೇ ಬೇಡ. ಅರಕಲಗೂಡಿನ ಹೊಗೆಸೊಪ್ಪಿನ ಹೊಲದ ಗಾಢ ಹಸಿರಿನ ಮೇಲೆ ಅಪ್ಪಟ ಕೆಂಪಿನಲ್ಲಿ ಊರ ಹೆಸರು ಬರೆದರೆ ಅಂತರ ಹೆಚ್ಚೂಕಡಿಮೆ 1.3ಕ್ಕೆ ಕುಸಿಯುತ್ತದೆ. ಕೆಂಪು–ಹಸಿರಿನ ವ್ಯತ್ಯಾಸ ಕಾಣದ ಕಣ್ಣಿನವರಿಗೆ ಅಲ್ಲಿ ಏನೂ ಬರೆದಂತೆಯೇ ಇರುವುದಿಲ್ಲ. ಚಿತ್ರವನ್ನು ಒಮ್ಮೆ ಕಪ್ಪು ಬಿಳುಪಿಗೆ ತಿರುಗಿಸಿ ನೋಡಿದರೆ ಇದೆಲ್ಲ ಕ್ಷಣದಲ್ಲಿ ಗೊತ್ತಾಗುತ್ತದೆ.

ಟೆಕ್ಸ್ಚರ್ ಎಂದರೆ ಹಾಸನದವರಿಗೆ ಮೊದಲು ಹೊಳೆಯುವುದು ಹೊಯ್ಸಳರ ಬಳಪದ ಕಲ್ಲು. ಹಳೇಬೀಡಿನ ಗೋಡೆಯ ಫೋಟೋವನ್ನು ಹಿನ್ನೆಲೆಗೆ ಹಾಕುವ ಆಸೆ ಸಹಜವೇ. ಆದರೆ ಆನೆ, ಸಿಂಹ, ಬಳ್ಳಿ, ಕುದುರೆ ಸಾಲುಗಳೆಲ್ಲ 96 ಚುಕ್ಕಿಯ ಅಗಲಕ್ಕೆ ಇಳಿದಾಗ ಬೂದು ಮಸುಕು ಉಳಿಯುತ್ತದೆ, ಶಿಲ್ಪ ಉಳಿಯುವುದಿಲ್ಲ. ಒಂದೇ ಆನೆಯನ್ನು ಕತ್ತರಿಸಿ ತುಂಬಿಸಿದರೆ ಹಳೇಬೀಡು ಗುರುತು ಸಿಗುತ್ತದೆ. ಕಲ್ಲಿನ ಮೈಯಷ್ಟೇ ಸಾಕೆಂದರೆ ಕ್ರಮ ಹೀಗಿರಲಿ: ಮೊದಲು ಐಕಾನನ್ನು ಕೊನೆಯ ಅಳತೆಗೆ ಇಳಿಸಿ, ಆಮೇಲೆ ಟೆಕ್ಸ್ಚರ್ ಲೇಯರನ್ನು ಓವರ್‌ಲೇ ಅಥವಾ ಸಾಫ್ಟ್ ಲೈಟ್‌ನಲ್ಲಿ ಶೇ 10–20ರಷ್ಟು ಹಚ್ಚಿ, ಅಕ್ಷರದ ಲೇಯರನ್ನು ಅದರ ಮೇಲಿಡಬೇಕು. ದೊಡ್ಡದರಲ್ಲಿ ಹಚ್ಚಿ ಆಮೇಲೆ ಕುಗ್ಗಿಸಿದರೆ ಹರಳೆಲ್ಲ ಒಂದಕ್ಕೊಂದು ಬೆರೆತು ಮಣ್ಣಾಗುತ್ತದೆ. ಇನ್ನೊಂದು ಕಾರಣವೂ ಇದೆ. ಸ್ಥಿರ ಸ್ಟಿಕರ್ 100 ಕೆಬಿ ದಾಟುವಂತಿಲ್ಲ. ಒಂದೇ ಬಣ್ಣ ಹರಡಿದ ಜಾಗ ಫೈಲಿನಲ್ಲಿ ಚಿಕ್ಕದಾಗಿ ಮಡಚಿಕೊಳ್ಳುತ್ತದೆ, ಒರಟು ಕಲ್ಲಿನ ಸಾವಿರ ಛಾಯೆಗಳು ಮಡಚಿಕೊಳ್ಳುವುದಿಲ್ಲ. ಟೆಕ್ಸ್ಚರ್ ಹೆಚ್ಚಿದಷ್ಟೂ ಫೈಲು ಉಬ್ಬುತ್ತದೆ.

ಡಿಪಿ ದುಂಡಗೆ ಕಾಣುವುದರಿಂದ ಚೌಕದ ನಾಲ್ಕು ಮೂಲೆ ಸೇರಿ ಶೇ 21ರಷ್ಟು ಜಾಗ ಹೋಗುತ್ತದೆ. ಬರಹ ಮೂಲೆಗೆ ಹೋಗಬಾರದು. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು ಆ ವೃತ್ತದಲ್ಲಿ ಅಡಿಯಿಂದ ಮುಡಿಯವರೆಗೆ ನಿಲ್ಲಿಸಿದರೆ ಎರಡೂ ಕಡೆ ಖಾಲಿ, ನಡುವೆ ಒಂದು ಕಡ್ಡಿ. ಮುಖ ಮಾತ್ರ ತೆಗೆದುಕೊಂಡು, ಗುಂಗುರು ಕೂದಲನ್ನು ನಾಲ್ಕಾರು ಸುರುಳಿಗೆ ಇಳಿಸಿ, ಅರೆತೆರೆದ ಕಣ್ಣು ಮತ್ತು ಉದ್ದನೆಯ ಕಿವಿಯನ್ನು ಬಿಡದೆ ಉಳಿಸಿಕೊಂಡರೆ ಯಾರೂ ಹೆಸರು ಕೇಳುವುದಿಲ್ಲ. ಅಲ್ಲಿ ಬರಹವೇ ಬೇಕಿಲ್ಲ.

ನವೆಂಬರ್ ಹತ್ತಿರವಾದಂತೆ ಸಾಲಗಾಮೆಯ ಯುವಕ ಸಂಘದಿಂದ ಅಮೆರಿಕದ ಕನ್ನಡ ಕೂಟದವರೆಗೆ ಎಲ್ಲರೂ ಬರೆಯಬಯಸುವ ಪದ ‘ರಾಜ್ಯೋತ್ಸವ’. ‘ಜ್ಯೋ’ ಮತ್ತು ‘ತ್ಸ’ ಎರಡಕ್ಕೂ ಒತ್ತು. ಸಣ್ಣ ವೃತ್ತಕ್ಕೆ ಇಷ್ಟು ಕಠಿಣವಾದ ಪದ ಕಡಿಮೆ. ‘ಕನ್ನಡ’ಕ್ಕೂ ಒಂದು ಒತ್ತಿದೆ, ಆದರೆ ಅದು ಮೂರೇ ಅಕ್ಷರ. ಈ ಸಲ ಸ್ಟಿಕರ್ ಮಾಡುವವರು ಪದವನ್ನು ಕುಗ್ಗಿಸುವ ಬದಲು ಬೇರೆ ಪದ ಆರಿಸಿ: ಕುಂಕುಮ ಕೆಂಪಿನ ಮೇಲೆ ಹಳದಿಯಲ್ಲಿ ‘ಕನ್ನಡ’ ಎಂದಷ್ಟೇ ಬರೆದು, ಒತ್ತಿಗೆ ಕೆಳಗೆ ಸಾಕಷ್ಟು ಜಾಗ ಬಿಡಿ. ಕಳಿಸುವ ಮುನ್ನ 96 ಚುಕ್ಕಿಗೆ ಇಳಿಸಿ, ಬಿಸಿಲಲ್ಲಿ ಫೋನು ಹಿಡಿದು, ಮನೆಯ ಹಿರಿಯರೊಬ್ಬರಿಂದ ಓದಿಸಿ.