ಕುರಿಯ ಹೊಟ್ಟೆಯ ಜೀವಿಗಳು: ಚಿತ್ರ ನೋಡಿ ಹೆಸರು ಹೇಳಬಹುದೆ?

ಸಿರುಗುಪ್ಪ ತಾಲ್ಲೂಕಿನ ರಾರಾವಿಯಂಥ ಊರುಗಳಲ್ಲಿ ಭತ್ತದ ಕೊಯ್ಲಾದ ಮೇಲೆ ಗದ್ದೆಗೆ ಕುರಿ ಬಿಡುವುದು ವಾಡಿಕೆ. ಕೂಳೆಯ ಜೊತೆಗೆ ಉದುರಿದ ಕಾಳನ್ನೂ ಕುರಿ ತಿನ್ನುತ್ತದೆ. ಕಾಳು ಅತಿಯಾದರೆ ಪಿಷ್ಟ ಬೇಗ ಹುದುಗಿ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಕುರಿ ಮೇವು ಬಿಟ್ಟು ಮಲಗುತ್ತದೆ, ಸಾಯಲೂಬಹುದು.

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಮೊದಲ ದೊಡ್ಡ ಕೋಣೆ ರೂಮೆನ್. ಅದರ ಒಂದು ಮಿಲಿಲೀಟರ್ ರಸದಲ್ಲಿ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಗಳೂ ಲಕ್ಷಗಟ್ಟಲೆ ಪ್ರೋಟೊಜೋವಗಳೂ ಇರುತ್ತವೆ. 1843ರಲ್ಲಿ ಫ್ರಾನ್ಸಿನ ಗ್ರೂಬಿ ಮತ್ತು ಡೆಲಾಫಾಂಡ್ ಈ ಪ್ರೋಟೊಜೋವಗಳನ್ನು ಮೊದಲು ವರ್ಣಿಸಿದರು. ಸೂಕ್ಷ್ಮದರ್ಶಕದ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟು ಇವನ್ನೆಲ್ಲ ವಿಂಗಡಿಸಬಹುದೆಂಬ ಉತ್ಸಾಹ ಈಗ ಹೆಚ್ಚಿದೆ. ಅದನ್ನು ಸ್ವಲ್ಪ ಜರಡಿ ಹಿಡಿಯಬೇಕು.

ಬ್ಯಾಕ್ಟೀರಿಯದ ಮಟ್ಟಿಗೆ ಈ ಆಸೆ ದುಬಾರಿ. ದುಂಡಗೆ, ಕಡ್ಡಿಯಂತೆ ಇರುವ ನೂರಾರು ಬಗೆಗಳು ಕಣ್ಣಿಗೆ ಒಂದೇ. ಅವನ್ನು ಬೇರ್ಪಡಿಸಲು ಜೀನುಗಳನ್ನೇ ಓದಬೇಕು. ಪ್ರೋಟೊಜೋವಗಳು ದೊಡ್ಡವು, ಆಕಾರವೂ ಸ್ಪಷ್ಟ. ಮೈಯೆಲ್ಲ ಲೋಮಾಂಗವಿರುವ ಐಸೊಟ್ರೈಕವನ್ನೂ ಬಾಯಿಯ ಬಳಿ ಮಾತ್ರ ಲೋಮಾಂಗವಿರುವ ಎಂಟೋಡಿನಿಯಮನ್ನೂ ಯಂತ್ರ ಬೇರ್ಪಡಿಸಬಲ್ಲದು. ಪ್ರಭೇದಕ್ಕಿಳಿದರೆ ಮಾತ್ರ ಎಡವುತ್ತದೆ. ಎಂಟೋಡಿನಿಯಮ್ ಕಾಡೇಟಮ್‌ಗೆ ಬಾಲದಂಥ ಮುಳ್ಳು ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಅದನ್ನು ನುಂಗುವ ಎಂಟೋಡಿನಿಯಮ್ ಬರ್ಸ ಜೊತೆಗಿದ್ದರೆ ಮುಳ್ಳು ಮೂಡುತ್ತದೆ. ಒಂದೇ ಜೀವಿಗೆ ಎರಡು ವೇಷ! ಹೆಸರಿಡುವವರು ಮುಳ್ಳನ್ನೇ ನಂಬಿದರೆ ಯಂತ್ರವೂ ಅದನ್ನೇ ಕಲಿಯುತ್ತದೆ.

ಇನ್ನೊಂದು ತೊಡಕು ಹೆಚ್ಚು ಗಂಭೀರ. ಎಣಿಕೆಗೆ ರಸವನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಮೀಥೈಲ್ ಗ್ರೀನ್ ಬಣ್ಣ ಹಾಕುವುದು ರೂಢಿ. ಚಿತ್ರ ಚೆಂದ ಬರುತ್ತದೆ, ಜೀವಿ ಸತ್ತಿರುತ್ತದೆ. ಕಾಳು ತಿಂದು ಮಲಗಿದ ಕುರಿಯ ವಿಷಯದಲ್ಲಿ ಪಶುವೈದ್ಯರಿಗೆ ಬೇಕಾದದ್ದು ಹೆಸರಲ್ಲ, ಚಲನೆ. ಆಮ್ಲ ಹೆಚ್ಚಿದಂತೆ ಮೊದಲು ದೊಡ್ಡ ಪ್ರೋಟೊಜೋವಗಳು, ಆಮೇಲೆ ಚಿಕ್ಕವೂ ಸಾಯುತ್ತವೆ. ಬೆಚ್ಚಗಿನ ಹನಿಯಲ್ಲಿ ಏನೂ ಮಿಸುಕದಿದ್ದರೆ ರೋಗ ಬಲಿತಿದೆ ಎಂದು ಊಹಿಸಬಹುದು. ರಸ ತಣ್ಣಗಾದರೂ ಚಲನೆ ನಿಲ್ಲುತ್ತದೆ, ಇದನ್ನು ಮರೆಯಬಾರದು.

ಹಾಗಾಗಿ ಚಿತ್ರಗ್ರಹಣವನ್ನೇ ತಳ್ಳಿಹಾಕಬೇಕಿಲ್ಲ. ಅದಕ್ಕೆ ಹಾಕುವ ಪ್ರಶ್ನೆ ಬದಲಾಗಲಿ. ಪ್ರಭೇದದ ಪಟ್ಟಿಗೆ ಬದಲು, ಹುಲ್ಲಿನ ಚೂರುಗಳ ನಡುವೆ ಈಜುವ ಜೀವಿಗಳ ಕಿರು ವಿಡಿಯೊ ತೋರಿಸಿ, ದೊಡ್ಡವು ಎಷ್ಟು, ಚಿಕ್ಕವು ಎಷ್ಟು, ಎಷ್ಟು ಚಲಿಸುತ್ತಿವೆ ಎಂದು ಎಣಿಸಲು ಕಲಿಸಬಹುದು. ಆ ಚಿತ್ರಗಳು ಭತ್ತದ ಹುಲ್ಲು ಮೇಯುವ ನಮ್ಮ ಕುರಿಗಳದ್ದೇ ಆಗಿರಬೇಕು. ಮೇವು ಬದಲಾದರೆ ಒಳಗಿನ ಜೀವಿಗಳ ಪ್ರಮಾಣವೂ ಬದಲಾಗುತ್ತದೆ.